ಎರಕ

ಲಿಯೆಪಾಯಾ ಬಂದರಿನ ಹಿಂದೆ, ಮೀನಿಗೆ ಹೊಗೆ ಹಾಕುವವರ ಓಣಿಯಲ್ಲಿ
ನನ್ನ ಶೆಡ್ಡು. ನಾನು ಎರೆಯುವವನು.
ಕಡಲಲ್ಲಿ ತೇಲುವ ಬುಂಡೆಗಳ ಹೊಟ್ಟೆಯೊಳಗಿನ ಸರ್ಕೀಟಿಗೆ
ಕಪ್ಪು ರಾಳ. ಅದನ್ನು ಯಾರೂ ನೋಡಬೇಕಿಲ್ಲ,
ಉಪ್ಪುನೀರು ಹೊರಗೇ ನಿಂತರೆ ಸಾಕು.
ತಿಳಿರಾಳ ಕೇಳಿ ಬರುವವರು ವರ್ಷಕ್ಕೆ ಇಬ್ಬರೋ ಮೂವರೋ.

ಅಕ್ಟೋಬರಿನಲ್ಲಿ ಜಿದ್ರಾ ಬಂದರು,
ಕೈಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ,
ಡಬ್ಬಿಯೊಳಗೆ ಉಣ್ಣೆಯ ಕಾಲುಚೀಲ,
ಕಾಲುಚೀಲದೊಳಗೆ ರೇಡಿಯೋದ ಬೋರ್ಡು.
ಬರೀ ಬೋರ್ಡು. ಪೆಟ್ಟಿಗೆಯಿಲ್ಲ, ಮುಳ್ಳಿಲ್ಲ, ತಿರುಗಿಸುವ ಬಿರಡೆಯಿಲ್ಲ.

"ಎಪ್ಪತ್ತನಾಲ್ಕರದು. ರೀಗಾದ ಕಾರ್ಖಾನೆ, ಮೂರನೇ ಸಾಲು.
ತಪಾಸಣೆಯವನು ಕಸಕ್ಕೆ ಎಸೆದ.
ನಾನು ಈ ಕಾಲುಚೀಲದಲ್ಲಿ ಹೊರಗೆ ತಂದೆ,
ಆಗ ಇದರಲ್ಲಿ ನನ್ನ ಕಾಲೂ ಇತ್ತು.
ಮೊಮ್ಮಗಳ ಕಿಟಕಿಯಲ್ಲಿಡಬೇಕು. ಧೂಳು ಕೂರಬಾರದು, ಕಾಣಬೇಕು."

ನಾನು ಅಚ್ಚಿನ ಅಳತೆ ತೆಗೆಯುತ್ತಿದ್ದೆ. ಅವರು ಕನ್ನಡಕ ಏರಿಸಿ
ಒಂದು ಬೆಸುಗೆಯನ್ನೇ ನೋಡುತ್ತಿದ್ದರು,
ಬೂದಿಬಣ್ಣದ್ದು, ಹೊಳಪಿಲ್ಲದ್ದು, ತಣ್ಣಗೆ ಕೂತದ್ದು.
"ನಿನ್ನ ಬೆಸುಗೆಕಡ್ಡಿ ಕೊಡು."
ಅಜ್ಜೀ, ಇದರಲ್ಲಿ ಇನ್ನು ಕರೆಂಟು ಹರಿಯುವುದೇ ಇಲ್ಲವಲ್ಲ ಅಂದೆ.
ಕೇಳಿಸಲಿಲ್ಲವೋ, ಕೇಳಿಸಿತೋ.
ಕಡ್ಡಿ ತಾಕುವವರೆಗೆ ಅವರ ಕೈ ನಡುಗುತ್ತಿತ್ತು,
ತಾಕಿದ ಮೇಲೆ ಇಲ್ಲ.
ಎಳೆಹೊಗೆ ಎದ್ದಿತು, ಪೈನ್ ಮರದ ವಾಸನೆ.
ಅದೂ ರಾಳವೇ. ನಾನು ಯಾವತ್ತೂ ಹಾಗೆ ಯೋಚಿಸಿರಲಿಲ್ಲ.
ಬೆಸುಗೆ ಕರಗಿ, ಗುಂಡಗಾಗಿ, ಬೆಳ್ಳಿಯ ಹನಿಯಂತೆ ಕೂತಿತು.
"ಐವತ್ತು ವರ್ಷ ಕಾಡಿತು ಮುಂಡೇದು," ಅಂದರು.

ಮರುದಿನ ಎರೆದೆ.
ನೂರಕ್ಕೆ ಮೂವತ್ತು, ತೂಕದಲ್ಲಿ, ಕಣ್ಣಳತೆಯಲ್ಲಲ್ಲ.
ಬಿಸಿನೀರಲ್ಲಿ ಡಬ್ಬಿ ಇಟ್ಟು ಮೆಲ್ಲಗೆ ಕಲಕಿ,
ಎಳೆಪಾಕದ ಹದ ಬಂದಾಗ
ದಾರದಷ್ಟು ಸಣ್ಣಗೆ, ಒಂದೇ ಮೂಲೆಯಿಂದ.
ಕೆಪಾಸಿಟರುಗಳ ಕೆಳಗೆ ಅವಿತ ಗಾಳಿ ಹೊರಡಲೆಂದು
ಅಚ್ಚನ್ನು ವಾರೆ ಮಾಡಿ ಹಿಡಿದೆ, ಮಗುವಿಗೆ ತಲೆ ಎರೆಯುವಾಗಿನಂತೆ.
ಒಂದೂ ಗುಳ್ಳೆಯಿಲ್ಲ. ಬೀಗುತ್ತಾ ದೀಪ ಆರಿಸಿದೆ.

ಬೆಳಿಗ್ಗೆ ನೋಡಿದರೆ, ಇತ್ತು.
ಅವರ ಹೊಸ ಬೆಸುಗೆಯ ನೆತ್ತಿಯ ಮೇಲೆ,
ಸಾಸಿವೆಗಿಂತ ದಪ್ಪ, ಕಡಲೆಗಿಂತ ಸಣ್ಣ,
ಗಟ್ಟಿಯಾದ ರಾಳದಲ್ಲಿ ನಿಂತುಬಿಟ್ಟ ಒಂದು ಗುಳ್ಳೆ.
ಇನ್ನು ಅದನ್ನು ತೆಗೆಯುವ ಸೂಜಿ ಯಾವ ಊರಲ್ಲೂ ಇಲ್ಲ.

ಉಜ್ಜಿದೆ, ನಾನೂರರ ಕಾಗದದಿಂದ ಮೂರು ಸಾವಿರದವರೆಗೆ,
ಪಾಲಿಶು ಹಾಕಿದೆ. ಉಜ್ಜಿದಷ್ಟೂ ಅದು ಚೆನ್ನಾಗಿ ಕಂಡಿತು.

ಜಿದ್ರಾ ಬಂದಾಗ ಮೊದಲೇ ಹೇಳಿಬಿಟ್ಟೆ: ದುಡ್ಡು ಬೇಡ.
ಅವರು ದೀಪಕ್ಕೆ ಹಿಡಿದು, ತಿರುಗಿಸಿ, ಸುರುಳಿಯ ಮೇಲೆ ಉಗುರಿಟ್ಟರು.
"ಇದರ ಮೇಣ ಕರಗಿದೆ ನೋಡು.
ಬಿಸಿ ತಾಗಿ ಒಳಗಿನ ಗಾಳಿ ಎದ್ದು ಬಂದಿದೆ.
ಸುರುಳಿ ಸುತ್ತಿ ಮೇಣದಲ್ಲಿ ಅದ್ದುವವಳು ಪಕ್ಕದ ಮೇಜಿನ ಮಿಲ್ದಾ.
ಬಾಯಿ ಮುಚ್ಚುತ್ತಲೇ ಇರಲಿಲ್ಲ ಅವಳು. ನಾವು ಹನ್ನೆರಡು ಜನ,
ಒಂದೇ ಕಿಟಕಿ, ಅದೂ ತೆರೆಯದ್ದು."

ಗುಳ್ಳೆಯನ್ನು ಕಣ್ಣಿನ ಹತ್ತಿರ ತಂದರು.
ಆಮೇಲೆ, ಆಶ್ಚರ್ಯ, ಕಿವಿಯ ಹತ್ತಿರ.

ಒಪ್ಪಿದ ದುಡ್ಡು ಮೇಜಿನ ಮೇಲಿಟ್ಟರು, ಚಿಲ್ಲರೆ ಸಮೇತ.
ಎರಕ ಈಗ ಡಬ್ಬಿಯಲ್ಲೂ ಹಿಡಿಸಲಿಲ್ಲ, ಕಾಲುಚೀಲದಲ್ಲೂ.
ಕೋಟಿನೊಳಗೆ ಅವಚಿಕೊಂಡು ಗಾಳಿಗೆ ಎದುರಾಗಿ ನಡೆದರು.

ಕಾಲುಚೀಲ ಇಲ್ಲೇ ಉಳಿಯಿತು. ಒಂಟಿ,
ಹಿಮ್ಮಡಿಯಲ್ಲಿ ತೇಪೆ.